ಅಕ್ಕನ ಮುಖದ ಮೇಲೊಂದು ಪದರ

ಸುವರ್ಣಾ ಕೆಲಸ ಕಲಿಯಲು ಹೊರಟ ವರ್ಷ ಹೈದರಾಬಾದಿನಲ್ಲಿ ಕಂಪ್ಯೂಟರಿನ ಮಾತಾಡದ ಮನೆಯೇ ಇರಲಿಲ್ಲ. ಕಾಚಿಗೂಡದ ಅವರ ಗಲ್ಲಿಯ ಕರೆಂಟು ಕಂಬಗಳಿಗೂ ಜಾವಾ ಕಲಿಸುವವರ ಚೀಟಿಗಳು ಅಂಟಿರುತ್ತಿದ್ದವು. ವಾರಿಗೆಯ ಹುಡುಗಿಯರೆಲ್ಲ ಅದನ್ನು ಕಲಿಯಲು ಅಮೀರ್‌ಪೇಟೆಯ ಬಸ್ಸು ಹಿಡಿಯುತ್ತಿದ್ದಾಗ ಇವಳೊಬ್ಬಳು ಅಬಿಡ್ಸ್‌ನ ಸಣ್ಣ ಸಂಸ್ಥೆಯೊಂದಕ್ಕೆ ಹೋಗಿ ಫೋಟೋ ತಿದ್ದುವುದನ್ನು ಕಲಿತಳು. ಲೆಕ್ಕ ಅವಳ ತಲೆಗೆ ಹತ್ತುತ್ತಿರಲಿಲ್ಲ, ಚಿತ್ರ ಬಿಡಿಸುವ ಕೈ ಇತ್ತು. ಆ ಮನೆಯಲ್ಲಿ ಲೆಕ್ಕವೆಲ್ಲ ಅಕ್ಕ ತಾರಾಳ ಪಾಲಿಗೆ, ಬಣ್ಣವೆಲ್ಲ ತಂಗಿಯ ಪಾಲಿಗೆ ಬಂದಿದೆ ಎಂದು ನೆಂಟರು ನಗುತ್ತಿದ್ದರು. ಆ ಮಾತಿಗೆ ಎರಡು ಅರ್ಥವಿತ್ತು. ಸುವರ್ಣಾ ತಾಯಿ ಶರಣಬಸಮ್ಮನ ಹಾಗೆ ಬೆಳ್ಳಗಿದ್ದಳು. ತಾರಾ ತಂದೆ ಗುರುಶಾಂತನ ಹಾಗೆ ಕಪ್ಪು.

ಗುರುಶಾಂತ ಲಿಂಗಸುಗೂರು ಕಡೆಯಿಂದ ಹುಡುಗನಾಗಿದ್ದಾಗಲೇ ಬಂದು ಕೋಠಿಯ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ಬಿಚ್ಚಿ ತೋರಿಸುವ ಕೆಲಸ ಹಿಡಿದವನು. ಯಾವ ಮೈಬಣ್ಣಕ್ಕೆ ಯಾವ ಸೀರೆ ಎಂಬುದನ್ನು ಒಂದು ನೋಟದಲ್ಲಿ ಹೇಳುತ್ತಿದ್ದ. ಹಿರಿಯ ಮಗಳಿಗೆ ಯಾವಾಗಲೂ ಗಾಢ ಬಣ್ಣಗಳನ್ನೇ ತರುತ್ತಿದ್ದ. ಗಿಳಿಹಸಿರು, ಅರಿಶಿನ, ಕುಂಕುಮದ ಕೆಂಪು. ಅವುಗಳನ್ನು ಉಟ್ಟು ತಾರಾ ಮಹಡಿಯ ಮೆಟ್ಟಿಲಿಳಿದು ಬಂದರೆ ಅವನು ಪೇಪರು ಮಡಚಿಟ್ಟು ನೋಡುತ್ತಿದ್ದ.

ಕಲಿಕೆ ಮುಗಿದ ಮೇಲೆ ಸುವರ್ಣಾಳಿಗೆ ಅಬಿಡ್ಸ್‌ನಲ್ಲೇ ಸೂರ್ಯನಾರಾಯಣ ಎಂಬವರ ಸ್ಟುಡಿಯೋದಲ್ಲಿ ಕೆಲಸ ಸಿಕ್ಕಿತು. ಅವರು ಮೊದಲು ಮದುವೆಗಳ ಫೋಟೋ ತೆಗೆಯುತ್ತಿದ್ದವರು. ಕಾಲ ಬದಲಾದದ್ದನ್ನು ಕಂಡು ಅಂಗಡಿಯ ಹಿಂದಿನ ಕತ್ತಲೆ ಕೋಣೆಯನ್ನು ಖಾಲಿ ಮಾಡಿ, ಅಲ್ಲಿ ಕಂಪ್ಯೂಟರು, ಸ್ಕ್ಯಾನರು ಇಟ್ಟು, ಹೊಸದಾಗಿ ಬಂದ ಡಿಜಿಟಲ್ ಕ್ಯಾಮೆರಾ ಒಂದನ್ನು ಕೊಂಡಿದ್ದರು. ಆ ಕೋಣೆ ಸುವರ್ಣಾಳದಾಯಿತು.

ಅಲ್ಲಿಗೆ ಬರುತ್ತಿದ್ದ ಕೆಲಸದಲ್ಲಿ ಬಹುಪಾಲು ಮದುವೆಯ ವಯಸ್ಸಿಗೆ ಬಂದ ಹುಡುಗಿಯರ ಫೋಟೋಗಳು. ಹೈಟೆಕ್ ಸಿಟಿಯ ಕಂಪನಿಗಳಲ್ಲಿ ಕೂತ ವರಗಳಿಗೆ ಅವು ಇ-ಮೇಲಿನಲ್ಲಿ ಹೋಗುತ್ತಿದ್ದವು. ಹುಡುಗಿಯ ತಾಯಿಯೋ ಚಿಕ್ಕಮ್ಮನೋ ಕೌಂಟರಿನ ಮೇಲೆ ಬಾಗಿ ಮೆಲ್ಲಗೆ ಏನೋ ಹೇಳುವರು. ಸೂರ್ಯನಾರಾಯಣರು ಪರದೆ ಸರಿಸಿ ಒಳಗೆ ತಲೆ ಹಾಕಿ, "ಸುವರ್ಣಮ್ಮಾ, ಕೊಂಚೆಂ ತೆಲ್ಲಗಾ" ಎನ್ನುವರು. ಸ್ವಲ್ಪ ಬೆಳ್ಳಗೆ. ದಿನಕ್ಕೆ ಅದೆಷ್ಟು ಸಲವೋ ಆ ಮಾತು ಅವಳ ಕಿವಿಗೆ ಬೀಳುತ್ತಿತ್ತು.

ಅವಳಿಗೆ ಆ ವಿದ್ಯೆ ಚೆನ್ನಾಗಿ ಒಲಿದಿತ್ತು. ಫೋಟೋದ ಮೇಲೆ ಅದೇ ಫೋಟೋದ ಇನ್ನೊಂದು ಪದರ ಇಡಬೇಕು. ಮೇಲಿನ ಪದರ ಕೆಳಗಿನದರ ಜೊತೆ ಹೇಗೆ ಬೆರೆಯಬೇಕು ಎಂದು ಕಂಪ್ಯೂಟರಿಗೆ ಹೇಳಬೇಕು. 'ಸ್ಕ್ರೀನ್' ಎಂದರೆ ಒಂದೇ ಗೋಡೆಯ ಮೇಲೆ ಎರಡು ದೀಪದ ಬೆಳಕು ಬಿದ್ದಂತೆ ಚಿತ್ರವೆಲ್ಲ ತಿಳಿಯಾಗುತ್ತದೆ. 'ಮಲ್ಟಿಪ್ಲೈ' ಎಂದರೆ ಬಣ್ಣದ ಗಾಜಿನ ಮೇಲೆ ಇನ್ನೊಂದು ಗಾಜು ಇಟ್ಟಂತೆ ಗಾಢವಾಗುತ್ತದೆ, ಅದು ಮಾಸಿದ ಕೂದಲಿಗೆ, ತೆಳು ಹುಬ್ಬಿಗೆ. 'ಕಲರ್' ಎಂಬುದು ಮೇಲಿನ ಪದರದಿಂದ ಬಣ್ಣವನ್ನಷ್ಟೇ ತೆಗೆದುಕೊಳ್ಳುತ್ತದೆ, ಬೆಳಕು ನೆರಳು ಕೆಳಗಿನ ಚಿತ್ರದ್ದೇ ಉಳಿಯುತ್ತದೆ. ಬೇರೆ ಸ್ಟುಡಿಯೋಗಳವರು ಇಡೀ ಮುಖಕ್ಕೆ ಸುಣ್ಣ ಬಳಿದಂತೆ ಮಾಡಿ ಕೊಡುತ್ತಿದ್ದರು. ಸುವರ್ಣಾ ಹಾಗಲ್ಲ. ಕೂದಲು, ಕಣ್ಣು, ಒಡವೆಗಳಿಗೆ ಸೋಕದಂತೆ ಪದರವನ್ನು ಬಿಡಿಸಿಕೊಂಡು, ಅದು ಎಷ್ಟು ಕಾಣಬೇಕು ಎಂಬುದನ್ನು ತಗ್ಗಿಸುತ್ತಾ ಏರಿಸುತ್ತಾ, ತಿದ್ದಿದ್ದೇ ಗೊತ್ತಾಗದ ಹಾಗೆ ಮಾಡುತ್ತಿದ್ದಳು. ಹುಡುಗಿಯ ಕಡೆಯವರು ಫೋಟೋ ನೋಡಿ, "ಇವತ್ತು ಬೆಳಕು ಚೆನ್ನಾಗಿತ್ತು" ಎಂದುಕೊಂಡು ಹೋಗುತ್ತಿದ್ದರು. ಅದೇ ಅವಳ ಹೆಮ್ಮೆ.

ಇತ್ತ ಮನೆಯಲ್ಲಿ ತಾರಾಳ ಮದುವೆಯ ಮಾತು ಎಲ್ಲಿಯೂ ಕೂಡಿ ಬರುತ್ತಿರಲಿಲ್ಲ. ಎಂ.ಎಸ್ಸಿ. ಮುಗಿಸಿದ್ದಳು. ಸಂಜೆ ಮಹಡಿಯ ಮೇಲೆ ಹತ್ತನೇ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದಳು. ಭಾನುವಾರ ಅಬಿಡ್ಸ್‌ನ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಹುಡುಕುವುದು ಅವಳಿಗೆ ಹಬ್ಬ. ಬಂದ ಸಂಬಂಧಗಳವರು ಓದನ್ನು ಮೆಚ್ಚುತ್ತಿದ್ದರು, ಮನೆತನ ಮೆಚ್ಚುತ್ತಿದ್ದರು, ಆಮೇಲೆ ಫೋಟೋ ಹಿಂದಕ್ಕೆ ಬರುತ್ತಿತ್ತು. ಬೇರೆ ಕಾರಣ ಏನಾದರೂ ಹೇಳುತ್ತಿದ್ದರು. ನಿಜವಾದ ಕಾರಣ ಮನೆಯವರಿಗೆಲ್ಲ ಗೊತ್ತಿತ್ತು. ತಾರಾಳಿಗೂ ಗೊತ್ತಿತ್ತು. ಫೋಟೋ ವಾಪಸು ಬಂದ ದಿನ ಅವಳು ಮಕ್ಕಳಿಗೆ ಇನ್ನೂ ಹೆಚ್ಚು ಹೊತ್ತು ಪಾಠ ಹೇಳುತ್ತಿದ್ದಳು.

ಹೀಗಿರುವಾಗ ಪಕ್ಕದ ಮನೆಯ ಸಾವಿತ್ರಿಬಾಯಿ ಒಂದು ಸಂಬಂಧ ತಂದರು. ಹುಡುಗನ ಹೆಸರು ತರುಣ. ಮೈಸೂರಿನವನು, ಹೈಟೆಕ್ ಸಿಟಿಯ ಕಂಪನಿಯಲ್ಲಿ ಕೆಲಸ. ತಂದೆ ಇಲ್ಲ. ತಾಯಿ ಮೈಸೂರಿನಲ್ಲಿ. ಮೊದಲು ಜಾತಕವಲ್ಲ, ಫೋಟೋ ಕಳಿಸಿ ಎಂದಿದ್ದರು.

"ಈ ಸಲ ಸ್ಟುಡಿಯೋದಾಗ ಚಲೋತ್ನಂಗ ತೆಗಸೂನು" ಎಂದಳು ಶರಣಬಸಮ್ಮ.

ತಾರಾಳಿಗೆ ಕ್ಯಾಮೆರಾ ಎಂದರೆ ಆಗುತ್ತಿರಲಿಲ್ಲ. ತಂಗಿ ಒತ್ತಾಯ ಮಾಡಿದ್ದಕ್ಕೆ ಗಿಳಿಹಸಿರು ಸೀರೆ ಉಟ್ಟು ಸ್ಟುಡಿಯೋಗೆ ಬಂದಳು. ಸೂರ್ಯನಾರಾಯಣರು ಬೆಳಕು ಸರಿಯಿದೆಯೇ ಎಂದು ನೋಡಲು ಮೊದಲು ಸುವರ್ಣಾಳನ್ನು ಸ್ಟೂಲಿನ ಮೇಲೆ ಕೂಡಿಸಿ ಒಂದು ಚಿತ್ರ ತೆಗೆದರು. ಆಮೇಲೆ ಅದೇ ಸ್ಟೂಲಿನ ಮೇಲೆ ತಾರಾ ಕುಳಿತಳು. ತಂಗಿ ಕ್ಯಾಮೆರಾದ ಹಿಂದೆ ನಿಂತು ಏನೋ ತಮಾಷೆ ಮಾಡಿದಳು, ತಾರಾ ತುಟಿ ಬಿಗಿಹಿಡಿದು ನಕ್ಕಳು. ಆ ಕ್ಷಣದ ಫೋಟೋ ಬಂತು. ಅಕ್ಕ ಅಷ್ಟು ಹಗುರಾಗಿ ಕಂಡದ್ದನ್ನು ಸುವರ್ಣಾ ಅದುವರೆಗೆ ಯಾವ ಫೋಟೋದಲ್ಲೂ ನೋಡಿರಲಿಲ್ಲ.

ಮರುದಿನ ಬೆಳಗ್ಗೆ ಅವಳು ಆ ಚಿತ್ರವನ್ನು ತೆರೆದು ಕುಳಿತಳು. ಯಾರೂ ಹೇಳಿರಲಿಲ್ಲ. ಪರದೆ ಸರಿಸಿ ಯಾರೂ ತಲೆ ಹಾಕಿರಲಿಲ್ಲ. ಕೈ ತಾನಾಗಿಯೇ ಪದರವನ್ನು ಎಳೆದು ಇಟ್ಟಿತು. ಸ್ಕ್ರೀನ್. ಅಕ್ಕನ ಮುಖ ತಿಳಿಯಾಯಿತು, ಆದರೆ ಬೂದಿ ಬಡಿದಂತಾಯಿತು. ಅದಕ್ಕೆ ಜೀವ ತರಲು ಬಣ್ಣದ ಇನ್ನೊಂದು ಪದರ ಬೇಕಿತ್ತು. ಯಾವ ಬಣ್ಣ ಹಾಕಲಿ ಎಂದು ಯೋಚಿಸುವಾಗ ಪಕ್ಕದಲ್ಲಿ ಅವಳದೇ ಫೋಟೋ ತೆರೆದಿತ್ತು. ಅದೇ ಸ್ಟೂಲು, ಅದೇ ಬೆಳಕು. ಆ ಫೋಟೋದಲ್ಲಿನ ತನ್ನ ಕೆನ್ನೆಯ ಮೇಲೆ ಮೌಸು ಒತ್ತಿ ಅಲ್ಲಿಂದ ಬಣ್ಣ ಎತ್ತಿಕೊಂಡು, ಅಕ್ಕನ ಮುಖದ ಮೇಲಿನ ಪದರಕ್ಕೆ ತುಂಬಿ, ಕಲರ್ ಎಂದು ಬದಲಿಸಿದಳು. ಬಣ್ಣ ಹೇಳಿ ಮಾಡಿಸಿದ ಹಾಗೆ ಕೂಡಿತು. ಒಡಹುಟ್ಟಿದವರ ಮುಖ, ಮೂಗು ತುಟಿಗಳ ಹೊಂದಿಕೆ ಮೊದಲೇ ಇತ್ತು. ಅವಳಿಗೆ ಸಂತೋಷವೇ ಆಯಿತು. ನನ್ನಲ್ಲಿರುವುದನ್ನು ಅಕ್ಕನಿಗೆ ಸ್ವಲ್ಪ ಕೊಟ್ಟೆ ಎನಿಸಿತು.

ಮನೆಗೆ ತಂದ ಪ್ರಿಂಟನ್ನು ತಂದೆಗೆ ತೋರಿಸಿದಳು. ಗುರುಶಾಂತ ಕಿಟಕಿಯ ಹತ್ತಿರ ಹೋಗಿ ಹಿಡಿದು ನೋಡಿದ. ಮುಖದ ವಿಷಯ ಎತ್ತಲಿಲ್ಲ.

"ಸೀರಿ ಬಣ್ಣ ಯಾಕ ಹಿಂಗಾತು? ಗಿಳಿಹಸರು ಅಲ್ಲ ಇದು, ತೊಳದ್ಹಂಗ ಕಾಣತೈತಿ" ಎಂದ.

"ಅದನ್ನ ಸರಿ ಮಾಡ್ತೀನಿ ಅಪ್ಪಾ, ಪದರ ಸೀರಿ ಮ್ಯಾಲೂ ಬಿದ್ದೈತಿ."

ಅವನು ಇನ್ನೂ ಏನೋ ಕೇಳುವವನಿದ್ದ. ಅಷ್ಟರಲ್ಲಿ ಶರಣಬಸಮ್ಮ ಕೈಚಾಚಿ ಫೋಟೋ ತೆಗೆದುಕೊಂಡಳು. ನೋಡುತ್ತಾ ನೋಡುತ್ತಾ ಅವಳ ಕಣ್ಣು ತುಂಬಿ ಬಂತು.

"ಎಷ್ಟು ಚೆಂದ ಕಾಣಾಕತ್ತಾಳ ನನ್ನ ಮಗಳು. ಇದನ್ನ ಕಳಸು."

"ಅಕ್ಕಗ ತೋರ್ಸಿ ಕಳಸ್ಲೇನು?"

"ಬ್ಯಾಡ. ಆಕಿ ಸ್ವಭಾವ ನಿನಗ ಗೊತ್ತಿಲ್ಲೇನು? ಹರದು ಒಗೀತಾಳ. ಮದುವಿ ಆದಮ್ಯಾಲ ಯಾರು ಫೋಟೋ ನೋಡ್ತಾರ."

ಸುವರ್ಣಾ ಮರುದಿನ ಸೀರೆಯ ಬಣ್ಣ ಸರಿಮಾಡಿದಳು. ಎಲ್ಲ ಪದರಗಳನ್ನೂ ಒಂದಾಗಿ ಕೂಡಿಸಿ, ಮೂಲ ಫೋಟೋದ ಹೆಸರಿನಲ್ಲೇ ಉಳಿಸಿ, ತರುಣನ ಇ-ಮೇಲಿಗೆ ಕಳಿಸಿದಳು. ತಾಯಿಗೆ ತೋರಿಸಲು ಅವನು ಪ್ರಿಂಟು ಬೇಕೆಂದಾಗ ಸಾವಿತ್ರಿಬಾಯಿಯ ಕೈಯಲ್ಲಿ ಅದನ್ನೂ ಕೊಟ್ಟು ಕಳಿಸಿದಳು. ಆ ಸಂಜೆ ತಾರಾ ಮಕ್ಕಳ ಲೆಕ್ಕ ತಿದ್ದುತ್ತಾ ತಲೆ ಎತ್ತದೆ ಕೇಳಿದಳು.

"ಫೋಟೋ ಹೆಂಗ ಬಂದೈತಿ?"

"ಚಲೋ ಬಂದೈತಿ."

"ನನಗೊಂದು ಕೊಡು, ಇಟಗೋತೀನಿ. ನಗು ಬಂದಿತ್ತು ಅದರಾಗ, ಅಲ್ಲ?"

"ಕೊಡ್ತೀನಿ ಅಕ್ಕ" ಎಂದಳು ಸುವರ್ಣಾ. ಕೊಡಲಿಲ್ಲ. ತಾರಾ ತನ್ನ ಫೋಟೋವನ್ನು ತಾನಾಗಿ ಕೇಳಿದ್ದು ಅದೊಂದೇ ಸಲ.

ಹುಡುಗನ ಕಡೆಯಿಂದ ಬೇಗನೇ ಒಪ್ಪಿಗೆ ಬಂತು. ತಾಯಿ ಮೈಸೂರಿನಿಂದ ರೈಲಿನಲ್ಲಿ ಬಂದು ಕಾಚಿಗೂಡದಲ್ಲೇ ಇಳಿದರು. ಒಂದು ಭಾನುವಾರ ಬೆಳಗ್ಗೆ ತಾಯಿ ಮಗ ಇಬ್ಬರೂ ಮನೆಗೆ ಬಂದರು. ಸಾವಿತ್ರಿಬಾಯಿ ಜೊತೆಗಿದ್ದರು. ತಾರಾ ಅರಿಶಿನ ಬಣ್ಣದ ಸೀರೆಯುಟ್ಟು ಬಂದು ನಮಸ್ಕಾರ ಮಾಡಿ ಕುಳಿತಳು. ತರುಣನ ತಾಯಿ ನಕ್ಕು ಮಾತಾಡಿಸಿದರು, ಆದರೆ ಅವರ ಕಣ್ಣು ನಡುನಡುವೆ ಒಳಗಿನ ಬಾಗಿಲ ಕಡೆ ಹೋಗುತ್ತಿತ್ತು. ಇನ್ನೂ ಯಾರೋ ಬರಬೇಕು ಎಂದು ಕಾಯುವವರ ಹಾಗೆ.

ತರುಣ ಮಾತ್ರ ಆರಾಮಾಗಿದ್ದ. ಕಿಟಕಿಯಲ್ಲಿ ಜೋಡಿಸಿಟ್ಟ ಹಳೆಯ ಗಣಿತದ ಪುಸ್ತಕಗಳನ್ನು ನೋಡಿ ಎದ್ದು ಹೋಗಿ ಒಂದನ್ನು ತೆಗೆದ.

"ಇದು ನಿಮ್ಮದಾ? ನಾನು ಇದನ್ನ ಬೆಂಗಳೂರಲ್ಲೆಲ್ಲಾ ಹುಡುಕಿದ್ದೆ. ಸಿಗಲೇ ಇಲ್ಲ."

"ಇಲ್ಲಿ ಫುಟ್‌ಪಾತಿನ್ಯಾಗ ಸಿಕ್ತು. ಹಿಂದಿನ ಪುಟಗಳು ಹರದಾವ" ಎಂದಳು ತಾರಾ.

"ಉತ್ತರಗಳ ಪುಟ ತಾನೇ? ಅದಿಲ್ಲದಿದ್ರೇ ಒಳ್ಳೆಯದು."

ತಾರಾ ತಲೆ ಎತ್ತಿ ಅವನನ್ನು ನೋಡಿ ನಕ್ಕಳು. ಅಡುಗೆಮನೆಯಲ್ಲಿ ಉಪ್ಪಿಟ್ಟು ತಟ್ಟೆಗೆ ಹಾಕುತ್ತಿದ್ದ ಸುವರ್ಣಾಳಿಗೆ ಆ ನಗು ಕೇಳಿಸಿತು. ಅವರಿಬ್ಬರೂ ಮತ್ತೂ ಏನೇನೋ ಮಾತಾಡಿದರು. ಹೊರಗಿನವರ ಎದುರಿಗೆ ಅಕ್ಕ ಅಷ್ಟು ಮಾತಾಡುತ್ತಾಳೆಂಬುದೇ ಮನೆಯವರಿಗೆ ಗೊತ್ತಿರಲಿಲ್ಲ. ಶರಣಬಸಮ್ಮ ಅಡುಗೆಮನೆಗೆ ಬಂದು ಸುವರ್ಣಾಳ ತೋಳು ಹಿಡಿದು, "ಆತು ಬಿಡು, ದೇವರು ದೊಡ್ಡಾಂವ" ಎಂದು ಪಿಸುಗುಟ್ಟಿದಳು.

ಸುವರ್ಣಾ ತಟ್ಟೆಗಳನ್ನು ಹಿಡಿದು ಹೊರಗೆ ಬಂದಳು. ತರುಣನ ತಾಯಿಯ ಮುಖ ಅರಳಿತು. ಕೈಚೀಲದಿಂದ ಫೋಟೋ ತೆಗೆದು ಒಮ್ಮೆ ಅದನ್ನೂ ಒಮ್ಮೆ ಇವಳನ್ನೂ ನೋಡಿದರು.

"ಇವಳೇ ಅಲ್ವಾ ಫೋಟೋದಲ್ಲಿರೋ ಹುಡುಗಿ? ನಾನು ಆಗಲಿಂದ ಇವರು ಅಕ್ಕ ಇರಬೇಕು, ಹುಡುಗಿ ಇನ್ನೂ ಒಳಗಿದ್ದಾಳೆ ಅಂತಾನೇ ಅಂದುಕೊಂಡಿದ್ದೆ."

ಅವರ ಮಾತಿನಲ್ಲಿ ಕೊಂಕು ಇರಲಿಲ್ಲ. ನಿಜವಾಗಿಯೂ ಹಾಗೆಯೇ ತಿಳಿದಿದ್ದರು. ಗುರುಶಾಂತ ನೆಲ ನೋಡುತ್ತಿದ್ದ. ಸಾವಿತ್ರಿಬಾಯಿ, "ಇಲ್ಲರಿ, ಹುಡುಗಿ ಈಕೀನ..." ಎಂದು ಶುರುಮಾಡಿ ನಡುವೆ ನಿಲ್ಲಿಸಿದರು. ತಾರಾ ಕೈ ಚಾಚಿದಳು. ತರುಣನ ತಾಯಿ ಯೋಚಿಸದೆ ಫೋಟೋವನ್ನು ಅವಳ ಕೈಗಿತ್ತರು.

ತಾರಾ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತಂಗಿಯ ಮುಖ ನೋಡಿದಳು. ಫೋಟೋವನ್ನು ಟೀಪಾಯಿಯ ಮೇಲೆ ಮೆಲ್ಲಗೆ ಇಟ್ಟು, "ಉಪ್ಪಿಟ್ಟು ಆರತೈತಿ, ತಗೋರಿ" ಎಂದು ಎಲ್ಲರಿಗೂ ಹೇಳಿ, ಎದ್ದು ಒಳಗೆ ಹೋದಳು.

ಅವರು ಹೊರಟಾಗ ಸುವರ್ಣಾ ಮೆಟ್ಟಿಲವರೆಗೆ ಬಂದಳು. ತಾಯಿಯನ್ನು ಮುಂದೆ ಇಳಿಸಿ ತರುಣ ಒಂದು ಕ್ಷಣ ನಿಂತ.

"ಆ ಫೋಟೋನ ಯಾರು ಮಾಡಿದ್ದು?"

"ನಾನರಿ."

"ಮಾಡಬಾರದಿತ್ತು" ಎಂದ. ಸಿಟ್ಟಿರಲಿಲ್ಲ ದನಿಯಲ್ಲಿ. "ನನಗೆ ಅವರ ಜೊತೆ ಮಾತಾಡಿ ಸಂತೋಷ ಆಗಿತ್ತು. ಈಗ ನಮ್ಮಮ್ಮ ಏನು ಹೇಳಿದರೂ ನಾನು ಏನೂ ಹೇಳೋ ಹಾಗಿಲ್ಲ."

ಅದರ ಅರ್ಥವೇನು ಎಂದು ಸುವರ್ಣಾ ಮುಂದೆ ವರ್ಷಗಟ್ಟಲೆ ಯೋಚಿಸಿದಳು. ನಿಜವಾದ ಫೋಟೋ ಕಳಿಸಿದ್ದರೆ ಅವನು ಒಪ್ಪುತ್ತಿದ್ದನೇ, ತಾಯಿಯನ್ನು ಒಪ್ಪಿಸುತ್ತಿದ್ದನೇ, ಅಥವಾ ತಾಯಿ ಮೈಸೂರಿನಲ್ಲೇ ಬೇಡವೆಂದು ಬಿಡುತ್ತಿದ್ದರೇ. ಒಮ್ಮೊಮ್ಮೆ ಒಂದು ನಿಜ ಅನಿಸುತ್ತಿತ್ತು, ಒಮ್ಮೊಮ್ಮೆ ಇನ್ನೊಂದು.

ಆ ವಾರವೇ ಸಾವಿತ್ರಿಬಾಯಿ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಸುದ್ದಿ ಹೇಳಿದರು.

"ಶರಣಬಸಮ್ಮಾರ, ಹುಡುಗನ ತಾಯಿ ಸಣ್ಣಾಕಿನ್ನ ಕೇಳಾಕತ್ತಾರ್ರಿ. ಫೋಟೋ ನೋಡಿ ಮನಸಿಗೆ ಹಿಡಿಸಿದ್ದು ಆಕೀನ ಅಂತಾರ. ಹುಡುಗ ಏನೂ ಅಂದಿಲ್ಲಂತ."

ಶರಣಬಸಮ್ಮ ಗಂಡನ ಮುಖ ನೋಡಿದಳು. ಗುರುಶಾಂತ ಕೂಡಲೇ ಇಲ್ಲ ಎನ್ನಲಿಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ, ಅಷ್ಟೇ. ಆದರೆ ಆ ಸುಮ್ಮನಿದ್ದದ್ದನ್ನು ಇಬ್ಬರು ಹೆಣ್ಣುಮಕ್ಕಳೂ ಕಂಡರು. ಮಹಡಿಯ ಮೆಟ್ಟಿಲ ಮೇಲೆ ನಿಂತಿದ್ದ ತಾರಾ ಇಳಿದು ಬಂದು ನೀರು ಕುಡಿಯುತ್ತಾ ಹೇಳಿದಳು.

"ಮಾಡ್ಕೋ ಸುವರ್ಣಾ. ಹುಡುಗ ಚಲೋ ಅದಾನ."

"ನಾ ಒಲ್ಲೆ."

"ನನ್ನ ಸಲುವಾಗಿ ಬ್ಯಾಡ ಅನಬ್ಯಾಡ. ನನಗ ಅದು ಇನ್ನೂ ತ್ರಾಸು."

"ನಾ ಒಲ್ಲೆ ಅಕ್ಕ" ಎಂದು ಸುವರ್ಣಾ ಅತ್ತಳು. ತಾರಾ ಅಳಲಿಲ್ಲ. ಲೋಟ ತೊಳೆದಿಟ್ಟು ಮೇಲೆ ಹೋದಳು. ಅವಳ ಹಿಂದೆಯೇ ಸುವರ್ಣಾ ಮಹಡಿ ಹತ್ತಿದಳು. ಮಕ್ಕಳು ಇನ್ನೂ ಬಂದಿರಲಿಲ್ಲ. ಬಿಸಿಲು ಇಳಿಯುತ್ತಿತ್ತು. ಅಕ್ಕ ಕರಿಹಲಗೆ ಒರೆಸುತ್ತಿದ್ದಳು. ಸುವರ್ಣಾ ತಾನು ಮಾಡಿದ್ದನ್ನೆಲ್ಲ ಹೇಳಿದಳು. ಮೊದಲ ಪದರ, ಎರಡನೆಯ ಪದರ, ಬಣ್ಣವನ್ನು ತನ್ನ ಕೆನ್ನೆಯಿಂದಲೇ ತೆಗೆದುಕೊಂಡದ್ದು. ಯಾಕೆ ಅಷ್ಟೆಲ್ಲ ಹೇಳಿದಳೋ, ಹೇಳಿದರೆ ಹಗುರಾದೀತೆಂದು ತಿಳಿದಿದ್ದಳೇನೋ.

ತಾರಾ ಒರೆಸುವುದನ್ನು ನಿಲ್ಲಿಸಿದಳು.

"ಬೆಳ್ಳಗ ಮಾಡಿದ್ದು ನನಗ ಹೊಸಾದಲ್ಲ. ಮಂದಿ ಎಲ್ಲಾ ಹಂಗ ಬಯಸ್ತಾರ, ನಿನ್ನ ಕೆಲಸಾನೂ ಅದ. ಆದ್ರ ನನ್ನ ಮುಖಕ್ಕ ನಿನ್ನ ಬಣ್ಣ ಯಾಕ ಹಾಕಿದಿ?"

"ಚೆಂದ ಕಾಣ್ಲಿ ಅಂತ."

"ಹೌದಲ್ಲ" ಎಂದಳು ತಾರಾ. "ಒಂದು ಮಾತು ನನ್ನ ಕೇಳಬೇಕಾಗಿತ್ತು. ಕೇಳಿದ್ರ ಬ್ಯಾಡ ಅಂತಿದ್ದೆ. ಅದಕ್ಕ ಕೇಳಲಿಲ್ಲ ನೀ."

ಮಕ್ಕಳು ಮೆಟ್ಟಿಲು ಹತ್ತುವ ಸದ್ದು ಕೇಳಿ ಅವಳು ಮತ್ತೆ ಕರಿಹಲಗೆಯ ಕಡೆ ತಿರುಗಿದಳು.

ಮರುದಿನ ಸುವರ್ಣಾ ಸ್ಟುಡಿಯೋಗೆ ಹೋದವಳೇ ಅಕ್ಕನ ಮೂಲ ಫೋಟೋ ಹುಡುಕಿದಳು. ಒಂದು ಪ್ರಿಂಟು ತೆಗೆದು ಅಕ್ಕನ ಕೈಗೆ ಕೊಡಬೇಕೆಂದಿತ್ತು. ಸಿಗಲಿಲ್ಲ. ಕ್ಯಾಮೆರಾದಲ್ಲಿದ್ದದ್ದನ್ನು ಹೊಸ ಫೋಟೋಗಳಿಗೆ ಜಾಗ ಮಾಡಲು ಆಗಲೇ ಅಳಿಸಿದ್ದರು. ಕಂಪ್ಯೂಟರಿನಲ್ಲಿ ಇದ್ದದ್ದು ಒಂದೇ ಒಂದು, ಪದರಗಳನ್ನೆಲ್ಲ ಒಂದಾಗಿಸಿ ಅದೇ ಹೆಸರಿನಲ್ಲಿ ತಾನೇ ಉಳಿಸಿದ್ದು. ಒಮ್ಮೆ ಕೂಡಿಸಿದ ಪದರಗಳನ್ನು ಮತ್ತೆ ಬಿಡಿಸಲಾಗುವುದಿಲ್ಲ. ಸಂಸ್ಥೆಯಲ್ಲಿ ಮೊದಲ ವಾರದಲ್ಲೇ ಕಲಿಸಿದ ಪಾಠ ಅದು, ಮೂಲವನ್ನು ಯಾವಾಗಲೂ ಬೇರೆ ಇಡಬೇಕು ಎಂದು. ಗಿರಾಕಿಗಳ ಫೋಟೋಗಳ ವಿಷಯದಲ್ಲಿ ಅವಳು ಅದನ್ನು ತಪ್ಪಿದ್ದೇ ಇಲ್ಲ. ಅಕ್ಕನದು ಮನೆಯ ಕೆಲಸ ಎಂದು ಎಚ್ಚರ ತಪ್ಪಿದ್ದಳು.

ಇದ್ದದ್ದನ್ನೇ ಹಿಂದಕ್ಕೆ ತರಲು ನೋಡಿದಳು. ಮಲ್ಟಿಪ್ಲೈ ಹಾಕಿ ಗಾಢ ಮಾಡಿದಳು. ಮುಖ ಕಪ್ಪಾಯಿತು, ಆದರೆ ಮಸಿ ಮೆತ್ತಿದಂತೆ ಕಪ್ಪಾಯಿತು. ಕೆನ್ನೆಯ ಎಲುಬಿನ ಮೇಲೆ ಬೀಳುತ್ತಿದ್ದ ಸಣ್ಣ ಹೊಳಪು, ಕಣ್ಣ ಕೆಳಗಿನ ನೇರಳೆ ನೆರಳು, ಯಾವುದೂ ಉಳಿದಿರಲಿಲ್ಲ. ಬಣ್ಣದ ಪದರ ಹಾಕಿ ಕಂದು ತುಂಬಿದಳು. ಅದು ಇನ್ಯಾವಳೋ ಹುಡುಗಿ ಆಯಿತು. ಅಕ್ಕನ ನಿಜವಾದ ಬಣ್ಣ ಯಾವುದು ಎಂದು ಕಣ್ಣುಮುಚ್ಚಿ ನೆನೆಯಲು ನೋಡಿದಳು. ಎಷ್ಟೋ ಮುಖಗಳ ಬಣ್ಣವನ್ನು ಬಾಯಿಪಾಠ ಬಲ್ಲ ಅವಳಿಗೆ ಹುಟ್ಟಿದಾಗಿನಿಂದ ಪಕ್ಕದಲ್ಲಿ ಮಲಗಿದವಳ ಮೈಬಣ್ಣ ನೆನಪಿಗೆ ಬರಲಿಲ್ಲ. ತೆಗೆಯಬೇಕಾದ್ದು ಎಂದೇ ಅದನ್ನು ನೋಡಿದ್ದಳು.

ಮಧ್ಯಾಹ್ನ ಸೂರ್ಯನಾರಾಯಣರು ಒಳಗೆ ಬಂದಾಗ ಅವಳು ಇನ್ನೂ ಅದೇ ಚಿತ್ರದ ಮುಂದೆ ಇದ್ದಳು. ಅವರಿಗೆ ವಿಷಯ ತಿಳಿದಿತ್ತು. ಕುರ್ಚಿ ಎಳೆದು ಕುಳಿತರು.

"ಇಲ್ಲಿಗೇ ಕರ್ಕೊಂಡು ಬಾಮ್ಮಾ. ಇನ್ನೊಂದು ತೆಗೆಯೋಣ" ಎಂದರು ತಮ್ಮ ತೆಲುಗು ಬೆರೆತ ಕನ್ನಡದಲ್ಲಿ.

"ಬರೂದಿಲ್ಲರಿ ಆಕಿ" ಎಂದಳು ಸುವರ್ಣಾ.

ಬರಲಿಲ್ಲ. ಆ ವರ್ಷವೇ ತಾರಾ ಪಾಠ ಹೇಳುವುದನ್ನು ಬಿಟ್ಟು ಬೇಗಂಪೇಟೆಯ ಒಂದು ಕಂಪನಿ ಸೇರಿದಳು. ಅಮೆರಿಕದ ಡಾಕ್ಟರುಗಳು ರೋಗಿಗಳ ಬಗ್ಗೆ ಹೇಳಿ ಕಳಿಸಿದ್ದನ್ನು ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೇಳಿ ಟೈಪು ಮಾಡುವ ಕೆಲಸ. ಊರಿನಲ್ಲಿ ಆಗ ಅಂಥ ಕಂಪನಿಗಳು ಬೀದಿಗೊಂದು ಎದ್ದಿದ್ದವು. ಗಣಿತದ ಹುಡುಗಿಗೆ ಅದೇಕೆ ಎಂದು ತಂದೆ ಕೇಳಿದ. "ಅಲ್ಲಿ ಬರೇ ದನಿ ಇರತಾವ ಅಪ್ಪಾ. ನನಗ ಅದ ಚಲೋ" ಎಂದಳು. ಕೆಲಸಕ್ಕೆ ದೂರವಾಗುತ್ತದೆಂದು ಅಲ್ಲೇ ಹಾಸ್ಟೆಲಿನಲ್ಲಿ ಕೋಣೆ ಹಿಡಿದಳು. ಭಾನುವಾರ ಬರುತ್ತಿದ್ದಳು. ತಂಗಿಯ ಜೊತೆ ಜಗಳವಾಡಲಿಲ್ಲ, ಮಾತು ಬಿಡಲಿಲ್ಲ. ಅವಳಿಗೆ ಬಳೆ ತಂದಳು, ಜ್ವರ ಬಂದಾಗ ಪಕ್ಕದಲ್ಲಿ ಕುಳಿತಳು. ಆದರೆ ಮೊದಲಿನ ಹಾಗೆ ಒಂದೇ ಹೊದಿಕೆಯಲ್ಲಿ ಮಲಗಿ ಮಾತಾಡಿದ್ದು ಮತ್ತೆ ಆಗಲಿಲ್ಲ. ಬೇರೆ ಸಂಬಂಧದ ಮಾತು ಬಂದರೆ ತಾರಾ ತಾಯಿಗೆ ಒಂದೇ ಉತ್ತರ ಕೊಡುತ್ತಿದ್ದಳು: ಫೋಟೋ ಕೇಳದವರಿದ್ದರೆ ಹೇಳು.

ಸುವರ್ಣಾ ಬೆಳ್ಳಗೆ ಮಾಡುವ ಕೆಲಸ ಇನ್ನು ಮಾಡುವುದಿಲ್ಲವೆಂದು ಸೂರ್ಯನಾರಾಯಣರಿಗೆ ಹೇಳಿ ನೋಡಿದಳು. ಅವರು ನಕ್ಕು, ಹಾಗಾದರೆ ಅಂಗಡಿಯ ಬಾಗಿಲು ಹಾಕೋಣ ಎಂದರು. ಅದು ಸುಳ್ಳೂ ಅಲ್ಲ. ಅವಳು ಒಂದು ಹಟ ಮಾತ್ರ ಉಳಿಸಿಕೊಂಡಳು. ತಾಯಂದಿರು ಕೌಂಟರಿನಲ್ಲಿ ಪಿಸುಗುಟ್ಟಿದರೆ ಒಪ್ಪುತ್ತಿರಲಿಲ್ಲ. ಹುಡುಗಿಯೇ ಒಳಗೆ ಬಂದು ಪಕ್ಕದ ಕುರ್ಚಿಯಲ್ಲಿ ಕೂರಬೇಕು, ತನ್ನ ಮುಖ ಬದಲಾಗುವುದನ್ನು ತಾನೇ ನೋಡಬೇಕು, ಸಾಕು ಎಂದಲ್ಲಿ ನಿಲ್ಲಿಸಬೇಕು. ಇದರಿಂದ ಹುಡುಗಿಯರು ಬೇಡ ಅಂದಾರು ಎಂದು ಅವಳು ಎಣಿಸಿದ್ದಳು. ಹಾಗಾಗಲಿಲ್ಲ. ಮಂಗಳೂರಿನ ಪೂರ್ವಿ ಎಂಬ ಹುಡುಗಿ, ಮಾಧಾಪುರದಲ್ಲಿ ಕೆಲಸದಲ್ಲಿದ್ದವಳು, ಕಂಪ್ಯೂಟರಿನ ಪರದೆಯನ್ನೇ ದಿಟ್ಟಿಸಿ ನೋಡುತ್ತಾ, "ಇನ್ನೂ ಸ್ವಲ್ಪ ಮಾಡಿ ಮಾರಾಯ್ರೆ" ಎಂದಳು.

"ನಿಮ್ಮ ಬಣ್ಣ ಚಲೋ ಐತಿ" ಎಂದಳು ಸುವರ್ಣಾ.

"ನೀವು ಹೇಳುವುದು ಸುಲಭ" ಎಂದಳು ಪೂರ್ವಿ, ಇವಳ ಮುಖ ನೋಡಿ. ಒರಟಾಗಿ ಹೇಳಲಿಲ್ಲ. ಸುವರ್ಣಾ ಇನ್ನೂ ಸ್ವಲ್ಪ ಮಾಡಿ ಕೊಟ್ಟಳು.

ಅವಳಿಗೂ ಸಂಬಂಧಗಳು ಬಂದವು. ಅಕ್ಕನಿಗೆ ಮೊದಲು ಆಗಲಿ ಎಂದು ತಳ್ಳುತ್ತಾ ಹೋದಳು. ಎಲ್ಲರೂ ಅದನ್ನು ತಂಗಿಯ ಪ್ರೀತಿ ಎಂದು ಹೊಗಳಿದರು. ತಾರಾ ಮಾತ್ರ ಒಂದು ಸಲ, "ನನ್ನ ಮ್ಯಾಲೆ ಸಾಲ ಹೊರಸಬ್ಯಾಡ" ಎಂದಳು. ಆಮೇಲೆ ಸುವರ್ಣಾ ಬೀದರಿನ ಒಬ್ಬ ಶಾಲಾ ಮೇಷ್ಟರನ್ನು ಮದುವೆಯಾದಳು. ಅವನು ಅಲ್ಲಿನ ಕೆಲಸ ಬಿಟ್ಟು ಹೈದರಾಬಾದಿನ ಹತ್ತಿರವೇ ಒಂದು ಖಾಸಗಿ ಶಾಲೆ ಸೇರಿದ. ತಂಗಿಯ ಮದುವೆಯಲ್ಲಿ ತಾರಾ ಅಡುಗೆಯವರ ಉಸ್ತುವಾರಿ ವಹಿಸಿಕೊಂಡು ಕೊನೆಯವರೆಗೂ ಹಿತ್ತಲಲ್ಲೇ ಇದ್ದಳು.

ತಾರಾಳ ಮದುವೆ ಅದಾದ ಮೇಲೆ ಕೆಲವು ವರ್ಷಕ್ಕೆ ಆಯಿತು. ಹುಡುಗ ಪದ್ಮನಾಭ, ನಲ್ಗೊಂಡ ಕಡೆಯ ತೆಲುಗಿನವನು, ಅವಳ ಕಂಪನಿಯಲ್ಲೇ ಕೆಲಸ. ಬಹಳ ದಿನ ಬೇರೆ ಬೇರೆ ಪಾಳಿಯಲ್ಲಿದ್ದು, ಒಬ್ಬರು ಟೈಪು ಮಾಡಿದ್ದನ್ನು ಇನ್ನೊಬ್ಬರು ತಿದ್ದುತ್ತಾ, ಮುಖ ನೋಡುವ ಮೊದಲೇ ಜಗಳವಾಡಿ ಸ್ನೇಹವಾದವರು. ಜಾತಿ ಬೇರೆ, ಭಾಷೆ ಬೇರೆ ಎಂದು ಶರಣಬಸಮ್ಮ ಅತ್ತಳು. ಗುರುಶಾಂತ ಮಾತ್ರ ಮಾರನೇ ದಿನವೇ ಕೋಠಿಯ ಅಂಗಡಿಯಿಂದ ಕುಂಕುಮ ಬಣ್ಣದ ರೇಷ್ಮೆ ಸೀರೆ ತಂದು ಮಗಳ ಮುಂದೆ ಬಿಚ್ಚಿ ಹರಡಿದ. ಹಿಂದೆ ಒಮ್ಮೆ ತಾನು ಸುಮ್ಮನಿದ್ದದ್ದು ಅವನನ್ನೂ ಕಾಡಿರಬೇಕು.

ಮದುವೆ ರಿಜಿಸ್ಟರ್ ಕಚೇರಿಯಲ್ಲಿ ನಡೆಯಿತು. ಸಾಕ್ಷಿಗೆ ಸಹಿ ಹಾಕಲು ತಾರಾ ತಂಗಿಯನ್ನೇ ಕರೆದಳು. ಕಚೇರಿಗೆ ಕೊಡಲೇಬೇಕಾದ ಸಣ್ಣ ಫೋಟೋವನ್ನು ಬೇಗಂಪೇಟೆಯಲ್ಲೇ ಎಲ್ಲೋ ತೆಗೆಸಿಕೊಂಡು ಬಂದಿದ್ದಳು. ಆಮೇಲೆ ಎಲ್ಲರೂ ಅಬಿಡ್ಸ್‌ನ ಹೋಟೆಲೊಂದಕ್ಕೆ ಊಟಕ್ಕೆ ಹೋದರು. ಕುಂಕುಮ ಬಣ್ಣದ ಸೀರೆಯಲ್ಲಿ ತಾರಾ ಕಿಟಕಿಯ ಪಕ್ಕ ಕುಳಿತಿದ್ದಳು. ಹೊರಗಿನ ಬಿಸಿಲು ಅವಳ ಕೆನ್ನೆಯ ಮೇಲೆ ಬಿದ್ದಿತ್ತು. ಸುವರ್ಣಾ ನೋಡುತ್ತಾ ಕುಳಿತಳು. ಅವಳ ಚೀಲದಲ್ಲಿ ಸ್ಟುಡಿಯೋದ ಕ್ಯಾಮೆರಾ ಇತ್ತು.

"ಅಕ್ಕ, ಒಂದ ಒಂದು ತಗೀಲೇನು? ಏನೂ ಮಾಡೂದಿಲ್ಲ, ಹೆಂಗ ಐತೋ ಹಂಗ."

ತಾರಾ ಅವಳ ಕೈ ಮೇಲೆ ಕೈ ಇಟ್ಟಳು.

"ಬ್ಯಾಡ ಸುವರ್ಣಾ. ನಿನ್ನ ಮ್ಯಾಲೆ ಸಿಟ್ಟಿಲ್ಲ. ನೀ ನನ್ನ ಮುಖ ಹಂಗ ನೋಡಿದ್ರ ಏನು ತಿದ್ದಬೇಕು ಅಂತ ನೋಡಾಕತ್ತಾಳ ಅನಸ್ತೈತಿ. ಹೋಗವಲ್ದು ಅದು ನನಗ. ನಾ ಏನ್ ಮಾಡ್ಲಿ?"

ಸುವರ್ಣಾ ತಲೆಯಾಡಿಸಿದಳು. ಪದ್ಮನಾಭ ಯಾವುದೋ ಆಫೀಸಿನ ಕಥೆ ತೆಗೆದ. ತಾರಾ ಬಾಯಿ ತುಂಬಾ ನಕ್ಕಳು. ಊಟ ನಡೆಯಿತು.

ಸೂರ್ಯನಾರಾಯಣರು ಸ್ಟುಡಿಯೋ ಮುಚ್ಚಿ ಎಷ್ಟೋ ಕಾಲವಾಗಿದೆ. ಸುವರ್ಣಾ ಈಗ ಮಾಧಾಪುರದ ಒಂದು ಕಚೇರಿಯಲ್ಲಿ ಅಂಗಡಿ ಸಾಮಾನುಗಳ ಚಿತ್ರಗಳಲ್ಲಿ ಹಿನ್ನೆಲೆಯನ್ನು ಕತ್ತರಿಸಿ ತೆಗೆಯುತ್ತಾಳೆ. ಚಪ್ಪಲಿ, ಪಾತ್ರೆ, ಕೈಗಡಿಯಾರ. ಮುಖಗಳ ಕೆಲಸ ಬಂದರೆ ಪಕ್ಕದವರಿಗೆ ದಾಟಿಸುತ್ತಾಳೆ. ತಾರಾ ಹಬ್ಬಗಳಿಗೆ ಗಂಡನ ಜೊತೆ ಬರುತ್ತಾಳೆ, ಸುವರ್ಣಾಳ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾಳೆ, ತಾಯಿಯ ಮೊಣಕಾಲಿಗೆ ಎಣ್ಣೆ ಹಚ್ಚುತ್ತಾಳೆ. ಯಾರಾದರೂ ಫೋಟೋ ತೆಗೆಯಲು ಎಲ್ಲರನ್ನೂ ಒಟ್ಟಿಗೆ ಕೂಡಿಸಿದರೆ, ಒಲೆಯ ಮೇಲೆ ಏನೋ ಇಟ್ಟಿದ್ದೇನೆಂದು ಎದ್ದು ಒಳಗೆ ಹೋಗುತ್ತಾಳೆ. ಸುವರ್ಣಾ ಅವಳನ್ನು ಕರೆಯುವುದಿಲ್ಲ. ಬೇರೆಯವರು ಕರೆಯಲು ಹೋದರೆ, "ಇರ್ಲಿ ಬಿಡ್ರಿ" ಎಂದು ತಾನೇ ತಡೆಯುತ್ತಾಳೆ.